ಐದು ವರ್ಷದ ಪಿಎಚ್‌ಡಿ, "ಸಾಧನೆಗಳು" ಅನ್ನುವ ಪುಟದಲ್ಲಿ ಏನು ಬರೆಯಲಿ?

ಕೋಶಕೃಷಿ:

ಬಯೋಮೆಡಿಕಲ್ ಪಿಎಚ್‌ಡಿಯ ಐದನೇ ವರ್ಷ ನನಗೆ. ಥೀಸಿಸ್ ಬರೆಯುತ್ತಿದ್ದೇನೆ, ಜೊತೆಗೆ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಬೇಕು. ಅದರಲ್ಲಿ "ವಿದ್ಯಾರ್ಥಿಯಾಗಿ ನಿಮ್ಮ ಸಾಧನೆಗಳು" ಅಂತ ಇಡೀ ಒಂದು ಪುಟ ಬಿಟ್ಟಿದ್ದಾರೆ. ಮೂರು ದಿನವಾಯಿತು, ಒಂದು ಸಾಲೂ ಬರೆದಿಲ್ಲ.

ಮೊದಲ ಎರಡು ವರ್ಷ ನಾನು ಒಂದು ಸೆಲ್ ಲೈನ್ ಮೇಲೆ, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಒಂದೇ ಮೂಲದ ಕೋಶಗಳ ಮೇಲೆ, ಕೆಲಸ ಮಾಡಿದೆ. ಇನ್ನೊಂದು ಲ್ಯಾಬ್‌ನವರು ಪ್ರೀತಿಯಿಂದ ಕೊಟ್ಟಿದ್ದು. ಔಷಧಿ ಹಾಕಿದರೆ ಹಳೆಯ ಪೇಪರ್‌ಗಳಲ್ಲಿ ಬರೆದ ಹಾಗೆ ಕೋಶಗಳು ಸಾಯುತ್ತಿರಲಿಲ್ಲ. ತಪ್ಪು ನನ್ನ ಕೈಯಲ್ಲೇ ಇದೆ ಅಂದುಕೊಂಡೆ. ಡೋಸ್ ಬದಲಿಸಿದೆ, ಸೀರಮ್ ಬ್ಯಾಚ್ ಬದಲಿಸಿದೆ, ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇನೋ ಅಂತ ಪಿಸಿಆರ್ ಮಾಡಿದೆ, ಅದೂ ಇರಲಿಲ್ಲ. ವಾರ ವಾರ ಲ್ಯಾಬ್ ಮೀಟಿಂಗ್‌ನಲ್ಲಿ ಅದೇ ಗ್ರಾಫ್ ಹಾಕಿಕೊಂಡು ನಿಲ್ಲುವುದು, ಅದೇ ಪ್ರಶ್ನೆ ಕೇಳಿಸಿಕೊಳ್ಳುವುದು. ಕೊನೆಗೊಂದು ದಿನ ಎಸ್‌ಟಿಆರ್ ಪರೀಕ್ಷೆಗೆ ಕಳಿಸಿದೆ. ಕೋಶದ ಡಿಎನ್‌ಎ ಬೆರಳಚ್ಚು ತೆಗೆಯುವ ಪರೀಕ್ಷೆ ಅದು. ಬಂದ ಉತ್ತರ ಏನು ಗೊತ್ತೇ? ಟ್ಯೂಬ್ ಮೇಲೆ ಬರೆದಿದ್ದ ಕೋಶವೇ ಅಲ್ಲ. ಹೀಲಾ ಅನ್ನುವ ಬೇರೆಯದೇ ಕ್ಯಾನ್ಸರ್ ಕೋಶ.

ಅವತ್ತು ಇನ್‌ಕ್ಯುಬೇಟರ್‌ನಿಂದ ಒಂದೊಂದೇ ಫ್ಲಾಸ್ಕ್ ತೆಗೆದು ಬ್ಲೀಚ್‌ಗೆ ಸುರಿಯುವಾಗ ಕೈ ನಡುಗಿತು. ಆಮೇಲೆ ಹೊಸದಾಗಿ ಶುರು ಮಾಡಿ, ಒಂದು ಪೇಪರ್‌ನಲ್ಲಿ ಎರಡನೇ ಹೆಸರು ಸಿಕ್ಕಿದೆ. ನನ್ನ ಸ್ವಂತ ಅಧ್ಯಾಯದ ಫಲಿತಾಂಶ "ಪರಿಣಾಮ ಕಾಣಲಿಲ್ಲ" ಅನ್ನುವುದು. ಆ ಎರಡು ವರ್ಷದ ಕಥೆಯನ್ನು ಅನುಬಂಧಕ್ಕೆ ಹಾಕು ಅಂದಿದ್ದಾರೆ ನನ್ನ ಗೈಡ್.

ಮೆಡಿಕಲ್ ಪಿಜಿ ಮಾಡುತ್ತಿರುವವರು, ಪಿಎಚ್‌ಡಿ ಮುಗಿಸಿದವರು, ಬಿಟ್ಟು ಹೋದವರು, ಎಲ್ಲರನ್ನೂ ಕೇಳುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ವಿದ್ಯಾರ್ಥಿಯ ಸಾಧನೆ ಅಂದರೆ ಯಾವುದು?

ರಾತ್ರಿಪಾಳಿ:

ನಾನು ಮೆಡಿಸಿನ್ ಪಿಜಿ, ಕೊನೆಯ ವರ್ಷ. ನಮ್ಮ ಕಡೆ ಈ ಪ್ರಶ್ನೆ ಏಳುವುದೇ ಕಡಿಮೆ, ಯಾಕೆಂದರೆ ಯೋಚಿಸುವುದಕ್ಕೆ ಪುರುಸೊತ್ತಿಲ್ಲ. ಥೀಸಿಸ್ ಅಂದರೆ ಡ್ಯೂಟಿ ಮುಗಿದ ಮೇಲೆ ಕೇಸ್ ಶೀಟ್ ಗುಡ್ಡೆ ಹಾಕಿಕೊಂಡು ಸಂಖ್ಯೆ ತುಂಬಿಸುವ ಕೆಲಸ. ಆದರೂ ನಿಮ್ಮ ಬರಹ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ವಾರ್ಡಿನಲ್ಲಿ ರೋಗಿಯ ಕೈಪಟ್ಟಿಯಲ್ಲಿ ಬರೆದಿರುವ ಹೆಸರು ತಪ್ಪು ಅಂತ ಕಂಡುಹಿಡಿದವಳನ್ನು ನಾವು "ಎರಡು ದಿನ ಹಾಳುಮಾಡಿದಳು" ಅನ್ನುವುದಿಲ್ಲ. ಒಂದು ಜೀವ ಉಳಿಸಿದಳು ಅನ್ನುತ್ತೇವೆ.

ಹಳೆಸ್ಲೈಡ್:

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಪೆಥಾಲಜಿ ಪಾಠ ಮಾಡಿದವನು ನಾನು. ತಂಗಿ, ನಿನಗಾದದ್ದು ಬಹಳ ಹಳೆಯ ಕಾಯಿಲೆ. ಹೀಲಾ ಕೋಶಗಳು 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕಂಠದ ಗೆಡ್ಡೆಯಿಂದ ಬಂದವು, ಆಕೆಯನ್ನು ಕೇಳದೆಯೇ ತೆಗೆದವು. ಅವು ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ ಪಕ್ಕದ ಫ್ಲಾಸ್ಕ್‌ಗೆ ಒಂದು ಹನಿ ಸೇರಿದರೂ ಸಾಕು, ಕೆಲವು ವಾರಗಳಲ್ಲಿ ಅಲ್ಲಿದ್ದ ಕೋಶಗಳನ್ನು ಹಿಂದಿಕ್ಕಿ ತಾವೇ ತುಂಬಿಕೊಳ್ಳುತ್ತವೆ. 1966ರಲ್ಲೇ ಸ್ಟ್ಯಾನ್ಲಿ ಗಾರ್ಟ್ಲರ್ ಒಂದು ಸಭೆಯಲ್ಲಿ ಎದ್ದು ನಿಂತು, ಬೇರೆ ಬೇರೆ ಹೆಸರಿನ ಹಲವು ಸೆಲ್ ಲೈನ್‌ಗಳು ನಿಜವಾಗಿ ಹೀಲಾ ಅಂತ ಹೇಳಿದರು. ಕೇಳಿದವರಿಗೆ ಅದು ಹಿಡಿಸಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಯಾರಿಗೆ ತಾನೇ ಬೇಡವಾಗುತ್ತದೆ? ಅಂಥ ಸುದ್ದಿ ತರುವವರಿಗೆ ಸನ್ಮಾನ ಸಿಗುವುದಿಲ್ಲ. ಆದರೆ ಕ್ಷೇತ್ರ ಶುದ್ಧವಾಗುವುದು ಅವರಿಂದಲೇ.

ಇನ್ನೊಂದು ಕಥೆ. ಪಾಲ್ ಲಾಂಗರ್‌ಹಾನ್ಸ್, ಬರ್ಲಿನ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿ. 1868ರಲ್ಲಿ ಚಿನ್ನದ ಕ್ಲೋರೈಡ್ ಬಣ್ಣ ಹಾಕಿ ಚರ್ಮ ನೋಡಿದ, ಕೊಂಬೆ ಚಾಚಿದಂಥ ಕೋಶಗಳು ಕಂಡವು. ನರಕೋಶ ಇರಬೇಕು ಅಂದುಕೊಂಡ. ಅವು ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು ಅಂತ ತಿಳಿಯುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಮರುವರ್ಷ, 1869ರಲ್ಲಿ, ಮೇದೋಜೀರಕ ಗ್ರಂಥಿಯ ಮೇಲೆ ಅವನ ಡಾಕ್ಟರೇಟ್ ಪ್ರಬಂಧ. ಅಲ್ಲಲ್ಲಿ ಗುಂಪು ಗುಂಪಾಗಿ ಸಣ್ಣ ಕೋಶಗಳಿವೆ ಅಂತ ವಿವರಿಸಿ, ಇವುಗಳ ಕೆಲಸ ಏನು ಅಂತ ತನಗೆ ತಿಳಿದಿಲ್ಲ ಎಂದು ಪ್ರಾಮಾಣಿಕವಾಗಿ ಬರೆದುಬಿಟ್ಟ. 21ರ ಹುಡುಗ. 1888ರಲ್ಲಿ, ನಲವತ್ತಕ್ಕೆ, ತೀರಿಕೊಂಡ. ಮೇದೋಜೀರಕ ತೆಗೆದ ನಾಯಿಗೆ ಮಧುಮೇಹ ಬರುತ್ತದೆ ಅಂತ ಮಿಂಕೊವ್‌ಸ್ಕಿ ಮತ್ತು ಫಾನ್ ಮೇರಿಂಗ್ ತೋರಿಸಿದ್ದು ಅದರ ಮರುವರ್ಷ. ಇನ್ಸುಲಿನ್ ತಯಾರಾಗುವ ಆ ಗುಂಪುಗಳಿಗೆ ಲಾಂಗರ್‌ಹಾನ್ಸ್ ದ್ವೀಪಗಳು ಅನ್ನುವ ಹೆಸರು ಬಂದದ್ದು 1893ರಲ್ಲಿ. ತನ್ನ ಪ್ರಬಂಧದ ಬೆಲೆ ಏನು ಅಂತ ಅವನಿಗೆ ಗೊತ್ತೇ ಆಗಲಿಲ್ಲ.

"ಕಂಡೆ, ಏನೆಂದು ತಿಳಿಯದು" ಅನ್ನುವ ಆ ಸಾಲು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ನಿನ್ನ ಅಧ್ಯಾಯ ಅನುಬಂಧಕ್ಕೆ ಹೋಗಬಾರದು.

ಎರಡುಕೋಟು:

ಸರ್, ಲಾಂಗರ್‌ಹಾನ್ಸ್ ಕಥೆ ನನಗೂ ಇಷ್ಟ. ಇದೇ ಸಾಲಿಗೆ ಜೇ ಮೆಕ್ಲೀನ್ ಸೇರಬೇಕು. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎರಡನೇ ವರ್ಷದ ಮೆಡಿಕಲ್ ವಿದ್ಯಾರ್ಥಿ. ವಿಲಿಯಂ ಹಾವೆಲ್ ಅವರು ಕೊಟ್ಟಿದ್ದ ಕೆಲಸ ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಶುದ್ಧಮಾಡುವುದು. ಇವನಿಗೆ ಸಿಕ್ಕಿದ್ದು ಅದಕ್ಕೆ ತದ್ವಿರುದ್ಧ: ಯಕೃತ್ತಿನಿಂದ ತೆಗೆದ ಸಾರ ರಕ್ತವನ್ನು ಹೆಪ್ಪುಗಟ್ಟಲು ಬಿಡುತ್ತಿರಲಿಲ್ಲ. ಹೆಪಾರಿನ್‌ನ ದಾರಿ ತೆರೆದದ್ದು ಅಲ್ಲಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ನಾವು ಕೊಡುವ ಔಷಧಿ ಅದು. ಹೆಸರು ಇಟ್ಟದ್ದು ಹಾವೆಲ್, 1918ರಲ್ಲಿ. ಇಂದು ನಾವು ಚುಚ್ಚುವ ಹೆಪಾರಿನ್ ಮೆಕ್ಲೀನ್ ಕಂಡ ಅದೇ ವಸ್ತುವಲ್ಲ, ಹಾಗಾಗಿ ಇದು ಯಾರದ್ದು ಅನ್ನುವ ವಾದ ಬಹಳ ಕಾಲ ನಡೆಯಿತು. ಆದರೆ ನನಗೆ ಮುಖ್ಯ ಅನ್ನಿಸುವುದು ಇದು: ಹೇಳಿದ್ದಕ್ಕೆ ವಿರುದ್ಧವಾಗಿ ಬಂದ ಫಲಿತಾಂಶವನ್ನು ಆ ಹುಡುಗ ತೊಟ್ಟಿಗೆ ಎಸೆಯಲಿಲ್ಲ.

ನಾನು ಎಂಡಿ-ಪಿಎಚ್‌ಡಿ ಎರಡೂ ಒಟ್ಟಿಗೆ ಮಾಡುತ್ತಿರುವವಳು. ನಾಲ್ಕು ವರ್ಷ ಲ್ಯಾಬ್‌ನಲ್ಲಿದ್ದು ಮತ್ತೆ ವಾರ್ಡಿಗೆ ಹೋದ ಮೊದಲ ದಿನ ರೋಗಿಯ ವಿವರ ಹೇಳಲು ಬಾಯಿ ಬರಲಿಲ್ಲ. ನನ್ನ ಜೊತೆ ಸೇರಿದವರು ಆಗಲೇ ಕನ್ಸಲ್ಟೆಂಟ್‌ಗಳಾಗುತ್ತಿದ್ದರು. ಲ್ಯಾಬ್‌ನಲ್ಲಿ ಒಂದು ಬ್ಯಾಂಡ್ ನಿಜವೋ ಸುಳ್ಳೋ ಅಂತ ಎರಡು ತಿಂಗಳು ಯೋಚಿಸಬಹುದು, ವಾರ್ಡಿನಲ್ಲಿ ಎರಡು ನಿಮಿಷ. ಲ್ಯಾಬ್ ಕಲಿಸಿದ ಅನುಮಾನ ವಾರ್ಡಿನಲ್ಲಿ ಭಯವಾಗಿ ಕಾಣುತ್ತಿತ್ತು. ಒಂದು ವರ್ಷ ಕಳೆದ ಮೇಲೆ ಅದೇ ಅನುಮಾನ, ಒಂದು ರಿಪೋರ್ಟ್ ರೋಗಿಗೆ ಹೊಂದುತ್ತಿಲ್ಲ ಅಂತ ಮತ್ತೆ ರಕ್ತ ಕಳಿಸುವಂತೆ ಮಾಡಿತು. ಸ್ಯಾಂಪಲ್ ಅದಲುಬದಲಾಗಿತ್ತು. ಅದನ್ನು ಯಾವ ಅರ್ಜಿಯಲ್ಲೂ ಬರೆಯಲು ಜಾಗ ಇಲ್ಲ.

ಸಂಖ್ಯಾಮಿತ್ರ:

ನಾನು ಬಯೋಸ್ಟಾಟಿಸ್ಟಿಕ್ಸ್‌ನವನು. ಒಂದು ಕಠಿಣ ಮಾತು ಹೇಳುತ್ತೇನೆ, ಬೇಸರಪಡಬೇಡಿ. ಲಾಂಗರ್‌ಹಾನ್ಸ್, ಮೆಕ್ಲೀನ್ ಇವರೆಲ್ಲ ನಮಗೆ ಗೊತ್ತಿರುವುದು ಅವರು ಕಂಡದ್ದು ಮುಂದೆ ಸರಿಯಾದ ಜಾಗಕ್ಕೆ ಕೂತಿದ್ದರಿಂದ. ಅವರಷ್ಟೇ ಜಾಗ್ರತೆಯಿಂದ ನೋಡಿ, ಅಷ್ಟೇ ಪ್ರಾಮಾಣಿಕವಾಗಿ ಬರೆದು, ಏನೂ ಆಗದೆ ಹೋದ ಎಷ್ಟೋ ವಿದ್ಯಾರ್ಥಿಗಳ ಪ್ರಬಂಧಗಳು ಕಪಾಟಿನಲ್ಲಿವೆ. ದಡ ಸೇರಿದವರನ್ನಷ್ಟೇ ಎಣಿಸಿ ಈಜು ಸುಲಭ ಅಂತ ಹೇಳುವ ಹಾಗಾಗುತ್ತದೆ.

ಈ ಕಥೆಗಳ ಇನ್ನೊಂದು ಅಪಾಯ ದಾನಿಯಲ್ ಆಲ್ಸಿಡೆಸ್ ಕಾರಿಯೋನ್. ಪೆರುವಿನ ಮೆಡಿಕಲ್ ವಿದ್ಯಾರ್ಥಿ. 1885ರ ಆಗಸ್ಟ್‌ನಲ್ಲಿ ರೋಗಿಯೊಬ್ಬರ ಚರ್ಮದ ಗಂಟಿನ ರಸವನ್ನು ತನ್ನ ಮೈಗೆ ಚುಚ್ಚಿಸಿಕೊಂಡ. ಅಕ್ಟೋಬರ್ 5ರಂದು ಸತ್ತ. ಎರಡು ಬೇರೆ ಕಾಯಿಲೆ ಅಂದುಕೊಂಡಿದ್ದವು ಒಂದೇ ಅಂತ ಅವನ ಸಾವಿನಿಂದ ತಿಳಿಯಿತು. ಆ ದಿನವನ್ನು ಪೆರುವಿನಲ್ಲಿ ವೈದ್ಯಕೀಯ ದಿನವಾಗಿ ಆಚರಿಸುತ್ತಾರೆ. ಅವನ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ತನ್ನನ್ನು ಸುಟ್ಟುಕೊಳ್ಳುವುದೇ ವಿದ್ಯಾರ್ಥಿಯ ಧರ್ಮ ಅನ್ನುವ ಪಾಠ ಇದರಿಂದ ಹುಟ್ಟಿದರೆ ನನಗೆ ಒಪ್ಪಿಗೆ ಇಲ್ಲ.

2018ರಲ್ಲಿ ನೇಚರ್ ಬಯೋಟೆಕ್ನಾಲಜಿಯಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳ ಸಮೀಕ್ಷೆ ಬಂತು, ಹೆಚ್ಚಿನವರು ಪಿಎಚ್‌ಡಿಯವರು. ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯ ಲಕ್ಷಣ ಇದ್ದವರು ಶೇ. 39. ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಜನರಲ್ಲಿ ಶೇ. 6. ತಾವಾಗಿ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ ಅದು, ಆದ್ದರಿಂದ ಸಂಖ್ಯೆ ಸ್ವಲ್ಪ ಉಬ್ಬಿರಬಹುದು, ವೃತ್ತಿಧರ್ಮವಾಗಿ ಹೇಳಲೇಬೇಕು. ಮೆಡಿಕಲ್ ವಿದ್ಯಾರ್ಥಿಗಳ ಬಗ್ಗೆ 2016ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 43 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು: ಖಿನ್ನತೆ ಅಥವಾ ಅದರ ಲಕ್ಷಣ ಶೇ. 27.2. ಅವರಲ್ಲಿ ಚಿಕಿತ್ಸೆ ಕೇಳಿಕೊಂಡು ಹೋದವರು ಸುಮಾರು ಆರಕ್ಕೆ ಒಬ್ಬರು. ಚಿಕಿತ್ಸೆ ಕೊಡುವುದನ್ನೇ ಕಲಿಯುತ್ತಿರುವವರ ಕಥೆ ಇದು.

ಕೋಶಕೃಷಿಯವರೇ, ಆ ಎರಡು ವರ್ಷ ನಿಮ್ಮ ಆರೋಗ್ಯ ಹೇಗಿತ್ತು? ಅದನ್ನು ಯಾರೂ ಕೇಳಲಿಲ್ಲ ಇಲ್ಲಿ.

ಕೋಶಕೃಷಿ:

ಚೆನ್ನಾಗಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ಮೀಟಿಂಗ್ ಹಿಂದಿನ ರಾತ್ರಿ ವಾಂತಿ. ರಿಪೋರ್ಟ್ ಬಂದ ವಾರ ಮನೆಯವರ ಫೋನ್ ಎತ್ತಲಿಲ್ಲ. ಲ್ಯಾಬ್‌ನ ಸೀನಿಯರ್ ಅಕ್ಕ ಒಬ್ಬರು ನನ್ನನ್ನು ಕೈಹಿಡಿದು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದರು, ಹೊರಗಡೆ ಒಂದು ಗಂಟೆ ಕಾದು ಕೂತಿದ್ದರು. ಆಮೇಲೆ ಔಷಧಿಯೂ ತೆಗೆದುಕೊಂಡೆ. ಈಗ ಪರವಾಗಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್.

ಹೆಸರುಬೇಡ:

ನಾನು ಬಿಟ್ಟುಹೋದವಳು. ಮೂರೂವರೆ ವರ್ಷ ಮಾಡಿ ಬಿಟ್ಟೆ. ಮೌಸ್ ಮಾಡೆಲ್ ಕಟ್ಟಿದ್ದು ನಾನು, ಜೀನೋಟೈಪಿಂಗ್ ಮಾಡುವ ವಿಧಾನ ಹೊಂದಿಸಿದ್ದು ನಾನು, ಭಾನುವಾರ ಹಬ್ಬ ಅನ್ನದೆ ಮರಿಗಳನ್ನು ಬೇರ್ಪಡಿಸಿದ್ದು ನಾನು. ಪೇಪರ್ ಬಂದಾಗ ನನ್ನ ಹೆಸರು ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿತ್ತು. ಜಗಳವಾಡುವ ಶಕ್ತಿ ಇರಲಿಲ್ಲ.

ಆಲ್ಬರ್ಟ್ ಶಾಟ್ಜ್ ಕಥೆ ಇಲ್ಲಿ ಯಾರೂ ಹೇಳಲಿಲ್ಲವಲ್ಲ. 1943ರಲ್ಲಿ ರಟ್ಗರ್ಸ್‌ನ ನೆಲಮಾಳಿಗೆಯಲ್ಲಿ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದ ಪಿಎಚ್‌ಡಿ ವಿದ್ಯಾರ್ಥಿ, ಕ್ಷಯಕ್ಕೆ ಮೊದಲ ಪರಿಣಾಮಕಾರಿ ಆ್ಯಂಟಿಬಯೋಟಿಕ್. 1944ರ ಪೇಪರ್‌ನಲ್ಲಿ ಮೊದಲ ಹೆಸರು ಅವನದೇ. ಹೆಸರು, ದುಡ್ಡು ಎರಡೂ ಗೈಡ್ ವಾಕ್ಸ್‌ಮನ್ ಕಡೆ ಹರಿಯತೊಡಗಿದಾಗ 1950ರಲ್ಲಿ ಕೋರ್ಟಿಗೆ ಹೋದ. ಸಹ-ಅನ್ವೇಷಕ ಅಂತ ಒಪ್ಪಿಕೊಂಡು ರಾಜಿಯಾಯಿತು. ಆದರೂ 1952ರ ನೊಬೆಲ್ ವಾಕ್ಸ್‌ಮನ್‌ಗೆ ಮಾತ್ರ. ಅದೇ ಪೇಪರ್‌ನ ಎರಡನೇ ಹೆಸರು ಎಲಿಜಬೆತ್ ಬುಗೀ, ಅವಳೂ ವಿದ್ಯಾರ್ಥಿನಿ. ಪೇಟೆಂಟ್‌ನಲ್ಲಿ ಅವಳ ಹೆಸರೇ ಇರಲಿಲ್ಲ. ಶಾಟ್ಜ್‌ನನ್ನಾದರೂ ಜನ ನೆನೆಯುತ್ತಾರೆ, ಬುಗೀಯನ್ನು ಎಷ್ಟು ಜನ ಕೇಳಿದ್ದೀರಿ?

ಸಾಧನೆ ಯಾವುದು ಅನ್ನುವುದಕ್ಕಿಂತ ಮೊದಲು ಅದನ್ನು ಯಾರ ಹೆಸರಿನಲ್ಲಿ ಬರೆಯುತ್ತಾರೆ ಅಂತ ಕೇಳಿ.

ಹಳೆಸ್ಲೈಡ್:

ಸಂಖ್ಯಾಮಿತ್ರ ಹೇಳಿದ್ದು ಒಪ್ಪುತ್ತೇನೆ. ನಾನು ಪಾಠದಲ್ಲಿ ಈ ಕಥೆಗಳನ್ನು ಹೇಳುವಾಗ ಗೆದ್ದವರನ್ನಷ್ಟೇ ಹೇಳಿದೆ. ಹೆಸರುಬೇಡ ಅವರೇ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನನ್ನ ಕೈಕೆಳಗೆ ಕಲಿತವರಲ್ಲೂ ಯಾರಿಗಾದರೂ ಹೀಗೆ ಆಗಿರಬಹುದೇ ಅಂತ ಹಳೆಯ ಪೇಪರ್‌ಗಳನ್ನು ತೆಗೆದು ನೋಡುತ್ತಿದ್ದೇನೆ. ಒಂದರಲ್ಲಿ ನನಗೆ ಸಂಶಯವಿದೆ. ಆ ವಿದ್ಯಾರ್ಥಿಗೆ ಇವತ್ತು ಪತ್ರ ಬರೆದೆ.

ಬೆಂಚಿನಾಚೆ:

ನಾನೀಗ ಗೈಡ್ ಸ್ಥಾನದಲ್ಲಿದ್ದೇನೆ, ಆರು ವಿದ್ಯಾರ್ಥಿಗಳು. ಹೆಸರಿನ ಜಗಳ ಬಹುಪಾಲು ಹುಟ್ಟುವುದು ಮೊದಲೇ ಮಾತಾಡದೆ ಇರುವುದರಿಂದ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲಿ ಲೇಖಕರಾಗಲು ನಾಲ್ಕು ಷರತ್ತುಗಳಿವೆ: ಯೋಜನೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು, ಬರೆಯುವುದು ಇಲ್ಲವೇ ಗಂಭೀರವಾಗಿ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ಇದರಲ್ಲಿ ಅನೇಕರು ಗಮನಿಸದ ಒಂದು ಅಂಶವಿದೆ. ಮೊದಲ ಷರತ್ತು ಪೂರೈಸಿದವರಿಗೆ ಕರಡು ಬರೆಯುವ, ತಿದ್ದುವ, ಅಂತಿಮ ಪ್ರತಿಗೆ ಒಪ್ಪಿಗೆ ಕೊಡುವ ಅವಕಾಶ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಅಂದರೆ ಪ್ರಯೋಗ ಮಾಡಿದವರಿಗೆ ಕರಡು ತೋರಿಸದೆ, ಆಮೇಲೆ "ನೀನು ಬರೆದಿಲ್ಲವಲ್ಲ" ಅನ್ನುವ ಹಾಗಿಲ್ಲ.

ನಾನು ಮಾಡುವುದಿಷ್ಟೇ. ಯೋಜನೆ ಶುರುವಾದ ತಿಂಗಳಲ್ಲೇ ಯಾರ ಹೆಸರು ಎಲ್ಲಿ ಅಂತ ಎಲ್ಲರ ಎದುರು ಬರೆದಿಡುತ್ತೇನೆ. ಆರು ತಿಂಗಳಿಗೊಮ್ಮೆ ತೆಗೆದು ನೋಡುತ್ತೇವೆ. ಮುಜುಗರ ಆಗುತ್ತದೆ, ಆಗಲಿ. ವಿದ್ಯಾರ್ಥಿಗಳಿಗೆ ಹೇಳುವುದು: ಲ್ಯಾಬ್ ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ, ಪುಟ ಹರಿಯಬೇಡಿ, ಕೆಟ್ಟುಹೋದ ಪ್ರಯೋಗವನ್ನೂ ಬರೆಯಿರಿ. ಎಲ್ಲಕ್ಕಿಂತ ಮುಂಚೆ, ಹೊಸ ಕೋಶ ಬಂದ ದಿನವೇ ಎಸ್‌ಟಿಆರ್ ಮಾಡಿಸಿ. ಇದನ್ನು ಹೇಳಬೇಕಾದವರು ಗೈಡ್. ಕೋಶಕೃಷಿ, ಎರಡು ವರ್ಷ ಹೋದದ್ದರ ಹೊಣೆ ನಿಮ್ಮೊಬ್ಬರ ಮೇಲೆ ಇಲ್ಲ.

ಮೊದಲವರ್ಷ:

ಎಲ್ಲರ ಮಾತು ಓದುತ್ತಿದ್ದೇನೆ. ನಾನು ಈಗಷ್ಟೇ ಸೇರಿದವನು. ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ, ಓದುವಾಗ ಅಕ್ಷರಗಳು ಅದಲುಬದಲಾಗುತ್ತವೆ. ನನ್ನಂಥವರಿಗೆ ಇಲ್ಲಿ ಜಾಗ ಇದೆಯಾ ಅಂತ ದಿನವೂ ಅನ್ನಿಸುತ್ತದೆ.

ಎರಡುಕೋಟು:

ಇದೆ. ಕ್ಯಾರಲ್ ಗ್ರೈಡರ್ ಡಿಸ್ಲೆಕ್ಸಿಯಾ ಇದ್ದವರು. ಪ್ರವೇಶ ಪರೀಕ್ಷೆಯ ಅಂಕ ಚೆನ್ನಾಗಿರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ, ಅರ್ಜಿ ಹಾಕಿದ ಬಹುತೇಕ ಕಡೆ ಬೇಡ ಅಂದರು. ಬರ್ಕ್ಲಿಯಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ಲ್ಯಾಬ್ ಸೇರಿದ ವರ್ಷವೇ, 1984ರ ಡಿಸೆಂಬರ್ 25ರಂದು, ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯ ಸಾರದಲ್ಲಿ ಟೆಲೊಮಿಯರ್, ಅಂದರೆ ವರ್ಣತಂತುವಿನ ತುದಿ, ಉದ್ದವಾಗುವ ಗುರುತು ಆಟೋರೇಡಿಯೋಗ್ರಾಮ್ ಮೇಲೆ ಏಣಿಯ ಮೆಟ್ಟಿಲುಗಳ ಹಾಗೆ ಕಾಣಿಸಿತು. ಆ ತುದಿಯನ್ನು ಉದ್ದಮಾಡುವ ಕಿಣ್ವವೇ ಟೆಲೊಮರೇಸ್. 2009ರಲ್ಲಿ ನೊಬೆಲ್.

ಸಂಖ್ಯಾಮಿತ್ರ ಸರ್ ಗದರಬಹುದು, ಇದೂ ದಡ ಸೇರಿದವರ ಕಥೆಯೇ. ಆದರೆ ಇದರಲ್ಲಿ ನಾನು ನೋಡುವುದು ಬೇರೆ. ಆ ಏಣಿ ಕಂಡ ಮೇಲೆ ತಕ್ಷಣ ಊರಿಗೆಲ್ಲ ಸಾರಲಿಲ್ಲ. ಇದು ಹಳೆಯ ಡಿಎನ್‌ಎ ಪಾಲಿಮರೇಸ್‌ನ ಆಟವೇನೋ ಅಂತ ತಮ್ಮ ಫಲಿತಾಂಶವನ್ನೇ ಬೀಳಿಸಲು ತಿಂಗಳುಗಟ್ಟಲೆ ಕಂಟ್ರೋಲ್ ಪ್ರಯೋಗ ಮಾಡಿ, 1985ರ ಕೊನೆಗೆ ಪ್ರಕಟಿಸಿದರು. ಅಷ್ಟನ್ನು ನೀವೂ ಮಾಡಬಹುದು, ನಾನೂ ಮಾಡಬಹುದು. ಕೋಶಕೃಷಿ ಅದನ್ನೇ ಮಾಡಿದ್ದಾರೆ.

ಸಂಖ್ಯಾಮಿತ್ರ:

ಗದರುವುದಿಲ್ಲ. ಈ ಮಾತು ಸರಿ. ಮೊದಲವರ್ಷ, ನನಗೆ ಮೆಸೇಜ್ ಮಾಡಿ, ಓದುವುದಕ್ಕೆ ನೆರವಾಗುವ ಕೆಲವು ಸಾಫ್ಟ್‌ವೇರ್ ಇವೆ.

ರಾತ್ರಿಪಾಳಿ:

ಡ್ಯೂಟಿ ಮುಗಿಸಿ ಬಂದೆ. ಇದನ್ನು ಬರೆಯದೆ ಮಲಗಲು ಆಗಲಿಲ್ಲ.

ನನ್ನ ಥೀಸಿಸ್‌ಗೆ ಯಕೃತ್ತಿನ ಕಾಯಿಲೆ ಇರುವವರಿಂದ ರಕ್ತ ತೆಗೆದುಕೊಳ್ಳಬೇಕಿತ್ತು. ಒಬ್ಬ ಅಜ್ಜಿಯ ಹತ್ತಿರ ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದೆ. ಅರ್ಧಕ್ಕೆ ತಡೆದು, "ಇದರಿಂದ ನನಗೆ ಗುಣ ಆಗ್ತದಾ ಮಗಾ?" ಅಂತ ಕೇಳಿದರು. ಇಲ್ಲ ಅಜ್ಜಿ, ಮುಂದೆ ಬರುವವರಿಗೆ ಆಗಬಹುದು ಅಂದೆ. ಆ ಒಂದು ವಾಕ್ಯ ಹೇಳುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಅಂದರೆ, ಸುಳ್ಳು ಹೇಳಿಬಿಡೋಣ ಅನ್ನಿಸಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಗೋ" ಅಂತ ಕೈ ಚಾಚಿದರು. ಮೂರು ವಾರಕ್ಕೆ ತೀರಿಕೊಂಡರು. ನನ್ನ ಹಾಳೆಯಲ್ಲಿ ಅವರು ನಲವತ್ತೊಂದನೇ ಸಂಖ್ಯೆ.

ನನ್ನ ಥೀಸಿಸ್‌ನಲ್ಲೂ ಹೇಳಿಕೊಳ್ಳುವಂಥ ಫಲಿತಾಂಶ ಬರಲಿಲ್ಲ. ಎರಡು ಗುಂಪಿನ ನಡುವೆ ವ್ಯತ್ಯಾಸ ಇಲ್ಲ. ಸೀನಿಯರ್ ಒಬ್ಬರು ಕಡೆಯ ಐದು ಜನರನ್ನು ಬಿಟ್ಟರೆ ಪಿ ವ್ಯಾಲ್ಯೂ ಇಳಿದು ವ್ಯತ್ಯಾಸ ಇದೆ ಅಂತ ತೋರಿಸಬಹುದು ನೋಡು ಅಂದರು. ಆ ಐವರಲ್ಲಿ ಅಜ್ಜಿಯೂ ಇದ್ದರು. ಬಿಡಲಿಲ್ಲ. ಇದನ್ನು ನಾನು ಸಾಧನೆ ಅಂತ ಯಾರ ಮುಂದೆಯೂ ಹೇಳಿಲ್ಲ, ಇವತ್ತು ಇಲ್ಲಿ ಹೇಳುತ್ತಿದ್ದೇನೆ.

ಹೆಸರುಬೇಡ:

ಡಾಕ್ಟ್ರೇ, ಅದನ್ನು ಪ್ರಕಟಿಸಿ. ವ್ಯತ್ಯಾಸ ಇಲ್ಲ ಅಂತಲೇ ಪ್ರಕಟಿಸಿ. ಇಲ್ಲದಿದ್ದರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಪಿಜಿ ಇನ್ನೊಬ್ಬ ಅಜ್ಜಿಯ ಕೈಗೆ ಅದೇ ಸೂಜಿ ಚುಚ್ಚುತ್ತಾನೆ.

ಕೋಶಕೃಷಿ:

ಒಂದು ವಾರ ಈ ಕಡೆ ಬರಲಾಗಲಿಲ್ಲ. ಅರ್ಜಿ ಕಳಿಸಿದೆ.

ಆ ಪುಟದಲ್ಲಿ ಪೇಪರ್ ಬಗ್ಗೆ ಎರಡು ಸಾಲು ಬರೆದೆ. ಉಳಿದ ಜಾಗವೆಲ್ಲ ಹೀಲಾಗೆ ಹೋಯಿತು: ಯಾವ ಗ್ರಾಫ್ ನೋಡಿ ಸಂಶಯ ಬಂತು, ಏನೇನು ಪರೀಕ್ಷೆ ಮಾಡಿದೆ, ಯಾವುದನ್ನು ಮೊದಲೇ ಮಾಡಬೇಕಿತ್ತು, ಈಗ ನಮ್ಮ ಲ್ಯಾಬ್‌ನಲ್ಲಿ ಹೊಸ ಟ್ಯೂಬ್ ಬಂದರೆ ಏನು ಕ್ರಮ. ಆ ಕ್ರಮದ ಪಟ್ಟಿ ಬರೆದು ಇನ್‌ಕ್ಯುಬೇಟರ್ ಬಾಗಿಲಿಗೆ ಅಂಟಿಸಿದ್ದೂ ನಾನೇ, ಅದನ್ನೂ ಬರೆದೆ. ಗೈಡ್ ಜೊತೆ ಮಾತಾಡಿದೆ. ಬೆಂಚಿನಾಚೆ ಅವರ ಬರಹವನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ತೋರಿಸುವ ಅಗತ್ಯ ಬೀಳಲಿಲ್ಲ. ಅಧ್ಯಾಯ ಅನುಬಂಧದಿಂದ ಮುಂದಕ್ಕೆ ಬರುತ್ತದೆ, ಮೂರನೆಯದಾಗಿ. ಸೀನಿಯರ್ ಅಕ್ಕನ ಹೆಸರು ಕೃತಜ್ಞತೆಯ ಮೊದಲ ಸಾಲಿನಲ್ಲಿದೆ.

ಹೆಸರುಬೇಡ ಅವರ ಕೊನೆಯ ಮಾತು ಓದಿದ ರಾತ್ರಿ ಇನ್ನೊಂದು ಕೆಲಸ ಮಾಡಿದೆ. ನಮಗೆ ಕೋಶ ಕೊಟ್ಟ ಲ್ಯಾಬ್‌ಗೆ ಬರೆದು, ಅದೇ ಟ್ಯೂಬ್‌ಗಳು ಇನ್ನೆಲ್ಲಿ ಹೋಗಿವೆ ಅಂತ ಕೇಳಿದೆ. ಮೂರು ಕಡೆ ಅಂದರು. ಮೂವರಿಗೂ ರಿಪೋರ್ಟ್ ಲಗತ್ತಿಸಿ ಬರೆದೆ. ಒಬ್ಬರಿಂದ ಉತ್ತರ ಇಲ್ಲ. ಇನ್ನೊಬ್ಬರು ಅದನ್ನು ಬಳಸುವುದನ್ನು ಎಂದೋ ಬಿಟ್ಟಿದ್ದಾರಂತೆ. ಮೂರನೇ ಲ್ಯಾಬ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೂರು ತಿಂಗಳಿಂದ ಅದೇ ಕೋಶದ ಮೇಲೆ ಕೆಲಸ ಮಾಡುತ್ತಿದ್ದಾಳೆ. ನಿನ್ನೆ ಅವಳೇ ಬರೆದಿದ್ದಳು: "ಅಕ್ಕ, ಔಷಧಿ ಹಾಕಿದರೆ ಸಾಯುತ್ತಲೇ ಇಲ್ಲ, ನನ್ನ ಕೈ ಸರಿಯಿಲ್ಲ ಅಂದುಕೊಂಡಿದ್ದೆ."

ಸ್ಯಾಂಪಲ್ ಪರೀಕ್ಷೆಗೆ ಕಳಿಸಿದ್ದಾಳೆ. ಫಲಿತಾಂಶ ಬಂದ ಮೇಲೆ ಇಲ್ಲೇ ಹೇಳುತ್ತೇನೆ.